ಹ್ಯಾಮ್ಲೆಟ್ ಯಾಕೆ ತಡಮಾಡಿದ ಎಂಬುದನ್ನು ಬಿಟ್ಟು ಬರೆಯಿರಿ

ನಮಸ್ಕಾರ,

ಶೇಕ್ಸ್‌ಪಿಯರ್‌ನ ನಾಟಕದ ಬಗ್ಗೆ ನೀವು ಬರೆದ ‘ಹ್ಯಾಮ್ಲೆಟ್: ಸೇಡು, ದುಃಖ, ರಾಜಕಾರಣ’ ಎಂಬ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ಕೊನೆಯ ಪುಟದವರೆಗೆ ಮುಚ್ಚಿಟ್ಟವರು ನೀವೇ. ಅದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಸೇಡಿಗೊಂದು, ದುಃಖಕ್ಕೊಂದು, ರಾಜಕಾರಣಕ್ಕೊಂದು ಎಂದು ಲೇಖನವನ್ನು ಮೂರು ಭಾಗ ಮಾಡಿದ್ದೀರಿ. ಒಂದು ಭಾಗದ ಮಾತು ಇನ್ನೊಂದಕ್ಕೆ ತಾಗುವುದೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗವನ್ನು ‘ಅಪ್ಪನನ್ನು ಕೊಂದ ಚಿಕ್ಕಪ್ಪನ ಮೇಲೆ ಸೇಡು ತೀರಿಸಿಕೊಳ್ಳಲು ರಾಜಕುಮಾರ ಹ್ಯಾಮ್ಲೆಟ್ ಯಾಕೆ ತಡಮಾಡಿದ’ ಎಂಬ ಪ್ರಶ್ನೆಯೇ ತಿಂದುಹಾಕಿದೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಕೇಳುತ್ತಿರುವ ಪ್ರಶ್ನೆ ಅದು. ಅವನು ವಿಪರೀತ ಯೋಚಿಸುವ ಮನುಷ್ಯ ಎಂಬ ನಿಮ್ಮ ಉತ್ತರವೂ ಅಷ್ಟೇ ಹಳೆಯದು. ಆ ಪುಟಗಳಲ್ಲಿ ನನಗೆ ನಿಮ್ಮ ದನಿ ಕೇಳಿಸಲಿಲ್ಲ.

ಕೊನೆಯಲ್ಲಿ, ಹ್ಯಾಮ್ಲೆಟ್ ಪ್ರೀತಿಸಿದ ಒಫೀಲಿಯಾಳನ್ನು ಮಣ್ಣು ಮಾಡುವ ದೃಶ್ಯದ ಬಗ್ಗೆ ಬರೆಯುತ್ತಾ, ‘ಈ ಅರಮನೆಯಲ್ಲಿ ಯಾರಿಗೂ ಸರಿಯಾಗಿ ಅಳಲು ಬಿಡುವುದಿಲ್ಲ’ ಎಂದಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದದ್ದು ಈ ಸಾಲಿನಿಂದ. ಇದೊಂದನ್ನು ಹಿಡಿದುಕೊಂಡರೆ ನಿಮ್ಮ ಮೂರೂ ಭಾಗಗಳು ತಾವಾಗಿಯೇ ಒಂದಾಗುತ್ತವೆ.

ಮೊದಲ ಅಂಕದ ಎರಡನೇ ದೃಶ್ಯವನ್ನು ಮತ್ತೆ ಓದಿ. ಹಳೆಯ ರಾಜ ಸತ್ತು ಎರಡು ತಿಂಗಳೂ ಆಗಿಲ್ಲ. ತಮ್ಮ ಕ್ಲಾಡಿಯಸ್ ಪಟ್ಟಕ್ಕೆ ಬಂದಿದ್ದಾನೆ. ಅತ್ತಿಗೆ ಗರ್ಟ್ರೂಡ್ ಈಗ ಅವನ ಹೆಂಡತಿ. ಸಭೆಯಲ್ಲಿ ಅವನ ಮೊದಲ ಮಾತು ಹೇಗಿದೆ ನೋಡಿ. ಒಂದು ಕಣ್ಣಲ್ಲಿ ಸಂತೋಷ, ಇನ್ನೊಂದರಲ್ಲಿ ನೀರು ಎನ್ನುತ್ತಾನೆ. ಮದುವೆಗೆ ಒಪ್ಪಿಗೆ ಕೊಟ್ಟವರನ್ನು ನೆನೆಯುತ್ತಾನೆ. ನಾರ್ವೆಗೆ ರಾಯಭಾರಿಗಳನ್ನು ಕಳಿಸುತ್ತಾನೆ. ಮಂತ್ರಿ ಪೊಲೋನಿಯಸ್‌ನ ಮಗ ಲೇರ್ಟಿಸ್‌ಗೆ ಫ್ರಾನ್ಸಿಗೆ ಹೋಗಲು ಅಪ್ಪಣೆ ಕೊಡುತ್ತಾನೆ. ಇಷ್ಟೆಲ್ಲ ಮುಗಿದ ಮೇಲೆ, ಕಪ್ಪು ಬಟ್ಟೆಯಲ್ಲಿ ನಿಂತಿರುವ ಹ್ಯಾಮ್ಲೆಟ್ ಕಡೆ ತಿರುಗುತ್ತಾನೆ. ನಿನ್ನ ಅಪ್ಪನೂ ತನ್ನ ಅಪ್ಪನನ್ನು ಕಳಕೊಂಡಿದ್ದ, ಆ ಅಪ್ಪನೂ ಕಳಕೊಂಡಿದ್ದ. ಹೀಗೆ ಹಟ ಹಿಡಿದು ಶೋಕ ಮಾಡುವುದು ಗಂಡಸಿಗೆ ತಕ್ಕದ್ದಲ್ಲ, ದೇವರಿಗೂ ಒಪ್ಪುವುದಿಲ್ಲ ಎಂದು ಬುದ್ಧಿ ಹೇಳುತ್ತಾನೆ. ಓದಲು ವಿಟೆನ್‌ಬರ್ಗ್‌ಗೆ ವಾಪಸ್ ಹೋಗುವುದು ಬೇಡ, ಇಲ್ಲೇ ನಮ್ಮ ಕಣ್ಣೆದುರು ಇರು ಎನ್ನುತ್ತಾನೆ.

ಈ ದೃಶ್ಯಕ್ಕೆ ನೀವು ಒಂದೇ ಒಂದು ವಾಕ್ಯ ಕೊಟ್ಟಿದ್ದೀರಿ! ಗಮನಿಸಿ, ಅಪ್ಪನ ಪ್ರೇತ ಇನ್ನೂ ಹ್ಯಾಮ್ಲೆಟ್‌ನ ಕಣ್ಣಿಗೆ ಬಿದ್ದಿಲ್ಲ. ಕೊಲೆಯ ವಿಷಯ ಅವನಿಗೆ ಗೊತ್ತಿಲ್ಲ. ಸೇಡಿನ ಮಾತೇ ಎದ್ದಿಲ್ಲ. ಆದರೂ ರಾಜನಿಗೆ ಆ ಕಪ್ಪು ಬಟ್ಟೆಯನ್ನು ನೋಡಲು ಆಗುತ್ತಿಲ್ಲ. ಎಲ್ಲರೂ ಮರೆಯಲಿ ಎಂದು ಅವನು ಬಯಸುವ ಸಾವನ್ನು ಅದು ತುಂಬಿದ ಸಭೆಯಲ್ಲಿ ನೆನಪಿಸುತ್ತಿದೆ.

ಈ ನಾಟಕಕ್ಕೆ ಮೂಲವಾದ ಹಳೆಯ ಕತೆಯಲ್ಲಿ ಇದು ಹೀಗಿರಲಿಲ್ಲ. 1200ರ ಸುಮಾರಿಗೆ ಡೆನ್ಮಾರ್ಕಿನ ಇತಿಹಾಸಕಾರ ಸ್ಯಾಕ್ಸೋ ಎಂಬವನು ಲ್ಯಾಟಿನ್‌ನಲ್ಲಿ ಬರೆದಿಟ್ಟ ಆಮ್ಲೆತ್‌ನ ಕತೆಯಲ್ಲಿ, ಅಣ್ಣನನ್ನು ತಮ್ಮನೇ ಕೊಂದ ಎಂಬುದು ಎಲ್ಲರಿಗೂ ಗೊತ್ತು. ಹುಡುಗ ಜೀವ ಉಳಿಸಿಕೊಳ್ಳಲು ಹುಚ್ಚನ ವೇಷ ಹಾಕುತ್ತಾನೆ. ಕೊನೆಗೆ ಕುಡಿದು ಬಿದ್ದವರ ಸಮೇತ ಸಭಾಂಗಣಕ್ಕೆ ಬೆಂಕಿ ಇಟ್ಟು, ಚಿಕ್ಕಪ್ಪನನ್ನು ಕೊಂದು, ತಾನೇ ರಾಜನಾಗುತ್ತಾನೆ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಕೊಲೆ ಗುಟ್ಟಾಗಿದೆ. ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತು ಅಂತ ಊರಿಗೆಲ್ಲ ಹೇಳಿದ್ದಾರೆ. ಗುಟ್ಟು ಅಂದ ಮೇಲೆ ಅದನ್ನು ಕಾಯಬೇಕಲ್ವಾ? ಹ್ಯಾಮ್ಲೆಟ್ ವಿಚಿತ್ರವಾಗಿ ಆಡತೊಡಗಿದಾಗ ಅವನ ಬಾಲ್ಯದ ಗೆಳೆಯರಿಬ್ಬರನ್ನು ಕರೆಸಿ ಬೇಹುಗಾರಿಕೆಗೆ ಹಚ್ಚುತ್ತಾರೆ. ಪೊಲೋನಿಯಸ್ ತನ್ನ ಮಗಳು ಒಫೀಲಿಯಾಳನ್ನೇ ಅವನ ದಾರಿಯಲ್ಲಿ ನಿಲ್ಲಿಸಿ, ರಾಜನ ಜೊತೆ ಮರೆಯಲ್ಲಿ ನಿಂತು ಕದ್ದು ಕೇಳುತ್ತಾನೆ. ನಿಮ್ಮ ‘ರಾಜಕಾರಣ’ ಭಾಗದಲ್ಲಿ ಇವೆಲ್ಲ ಸುಮ್ನೆ ಪಟ್ಟಿಯ ಹಾಗೆ ಬಂದಿವೆ. ಒಬ್ಬ ಮಗನ ದುಃಖದ ಒಳಗೆ ಏನಿದೆ ಎಂದು ತಿಳಿಯಲು ಒಂದು ರಾಜ್ಯದ ಇಡೀ ಯಂತ್ರ ಕೆಲಸ ಮಾಡುತ್ತಿದೆ. ಅದನ್ನು ಹೇಳಿ.

ನಾಲ್ಕನೇ ಅಂಕಕ್ಕೆ ಬನ್ನಿ. ನೀವು ಪೂರ್ತಿ ಬಿಟ್ಟಿರುವ ಜಾಗ ಇದು, ನನ್ನ ಪಾಲಿಗೆ ನಾಟಕದಲ್ಲಿ ಎಲ್ಲಕ್ಕಿಂತ ಭಯಾನಕವಾದ ಜಾಗವೂ ಹೌದು. ಹ್ಯಾಮ್ಲೆಟ್‌ನ ಕೈಯಲ್ಲಿ ಪೊಲೋನಿಯಸ್ ಸತ್ತಿದ್ದಾನೆ. ಅವನನ್ನು ಗುಟ್ಟಾಗಿ, ಅವಸರದಲ್ಲಿ ಹೂತಿದ್ದಾರೆ. ಮಗ ಲೇರ್ಟಿಸ್ ಜನರ ಗುಂಪು ಕಟ್ಟಿಕೊಂಡು ಅರಮನೆಗೆ ನುಗ್ಗುತ್ತಾನೆ. ‘ಲೇರ್ಟಿಸ್ ರಾಜನಾಗಲಿ’ ಎಂದು ಗುಂಪು ಕೂಗುತ್ತಿದೆ. ಅವನ ದೂರಿನಲ್ಲಿ ಏನೇನಿದೆ ನೋಡಿ: ಅಪ್ಪ ಸತ್ತದ್ದು ಮಾತ್ರವಲ್ಲ, ಸಮಾಧಿಯ ಮೇಲೆ ಕತ್ತಿ ಇಡಲಿಲ್ಲ, ವಂಶದ ಲಾಂಛನ ಇಡಲಿಲ್ಲ, ಮರ್ಯಾದೆಯ ವಿಧಿ ಒಂದೂ ನಡೆಯಲಿಲ್ಲ. ಆಗ ಕ್ಲಾಡಿಯಸ್ ಏನು ಮಾಡುತ್ತಾನೆ? ಹ್ಯಾಮ್ಲೆಟ್‌ಗೆ ‘ಅಳಬೇಡ’ ಎಂದ ಅದೇ ಮನುಷ್ಯ ಇವನಿಗೆ, ‘ನಿನ್ನ ಅಪ್ಪ ನಿಜವಾಗಿ ನಿನಗೆ ಬೇಕಾಗಿದ್ದನೋ, ಇಲ್ಲ ನೀನು ಬರೀ ದುಃಖದ ಚಿತ್ರವೋ’ ಎಂದು ಕೇಳುತ್ತಾನೆ. ತನಗೆ ಅಪಾಯವಾದ ದುಃಖವನ್ನು ಅಡಗಿಸಿದ. ತನಗೆ ಉಪಯೋಗಕ್ಕೆ ಬರುವ ದುಃಖವನ್ನು ಕೆಣಕಿದ. ಇಬ್ಬರು ಮಕ್ಕಳಿಗೆ, ಒಂದೇ ಬಾಯಿಂದ, ತದ್ವಿರುದ್ಧ ಬುದ್ಧಿಮಾತು. ಮುಂದಿನ ಮಾತೇ ವಿಷ ಸವರಿದ ಕತ್ತಿಯದು. ಸೇಡು, ದುಃಖ, ರಾಜಕಾರಣ ಮೂರೂ ಒಂದೇ ಸಂಭಾಷಣೆಯಲ್ಲಿ ಸಿಗುವಾಗ ನಿಮಗೆ ಉಪಶೀರ್ಷಿಕೆ ಯಾಕೆ ಬೇಕು?

ಒಫೀಲಿಯಾಳ ಬಗ್ಗೆ ನೀವು ಬರೆದದ್ದು ಚೆನ್ನಾಗಿದೆ, ಹಾಗೇ ಇರಲಿ. ಪಾದ್ರಿ ಅವಳಿಗೆ ಪೂರ್ತಿ ವಿಧಿ ಮಾಡಲು ಒಪ್ಪದಿರುವುದು, ಮೇಲಿನ ಅಪ್ಪಣೆಯಿಂದ ಅಷ್ಟಾದರೂ ನಡೆಯುವುದು, ಇವನ್ನು ಇನ್ನೂ ಬಿಡಿಸಿ ಬರೆಯಿರಿ.

ತಪ್ಪುಗಳೂ ಇವೆ. ಅಪ್ಪನ ನಂತರ ಹ್ಯಾಮ್ಲೆಟ್‌ಗೇ ಕಾನೂನಿನ ಪ್ರಕಾರ ಪಟ್ಟ ಬರಬೇಕಿತ್ತು ಎಂದಿದ್ದೀರಿ. ನಾಟಕದ ಡೆನ್ಮಾರ್ಕಿನಲ್ಲಿ ರಾಜನನ್ನು ಆರಿಸುತ್ತಾರೆ. ತನ್ನ ಆಸೆಗೂ ಆಯ್ಕೆಗೂ ನಡುವೆ ಚಿಕ್ಕಪ್ಪ ನುಗ್ಗಿದ ಎಂದು ಐದನೇ ಅಂಕದಲ್ಲಿ ಹ್ಯಾಮ್ಲೆಟ್ ಸ್ವತಃ ಹೇಳುತ್ತಾನೆ. ನಿಜವಾದ ಡೆನ್ಮಾರ್ಕಿನಲ್ಲೂ ವಂಶದ ಹಕ್ಕು ಕಾನೂನಾದದ್ದು 1660ರ ನಂತರ. ಇದು ಸಣ್ಣ ವಿಷಯವಲ್ಲ. ಆಯ್ಕೆ ಇದ್ದರೆ ಆಸ್ಥಾನದವರೂ ಪಾಲುದಾರರು. ಶೋಕ ಬೇಗ ಮುಗಿಯಲಿ ಎಂಬ ಆಸೆ ಅವರಿಗೂ ಇರುತ್ತದೆ.

ಪ್ರಾರ್ಥನೆಯ ದೃಶ್ಯದಲ್ಲಿ ಧೈರ್ಯ ಸಾಲದೆ ಹ್ಯಾಮ್ಲೆಟ್ ಕೊಲ್ಲಲಿಲ್ಲ ಎಂದು ಬರೆದಿದ್ದೀರಿ. ಅವನು ಹೇಳುವ ಕಾರಣ ಬೇರೆ. ಪ್ರಾರ್ಥಿಸುವಾಗ ಕೊಂದರೆ ಚಿಕ್ಕಪ್ಪ ಸ್ವರ್ಗಕ್ಕೆ ಹೋಗುತ್ತಾನೆ, ಪಾಪನಿವೇದನೆಗೂ ಅವಕಾಶ ಸಿಗದೆ ಸತ್ತ ಅಪ್ಪ ಯಾತನೆಯಲ್ಲಿದ್ದಾನೆ ಎಂದು. ಆ ಕಾರಣವನ್ನು ನೀವು ನಂಬದಿರಬಹುದು, ಆದರೆ ಓದುಗರಿಗೆ ಹೇಳದೆ ಬಿಡುವಂತಿಲ್ಲ. ಅವನು ಹೋದ ಮೇಲೆ ಕ್ಲಾಡಿಯಸ್ ಎದ್ದು, ನನ್ನ ಮಾತು ಮೇಲೇರಿತು, ಮನಸ್ಸು ಕೆಳಗೇ ಉಳಿಯಿತು ಎನ್ನುವುದನ್ನೂ ಬಿಟ್ಟಿದ್ದೀರಿ.

1596ರಲ್ಲಿ ತೀರಿಕೊಂಡ ಮಗ ಹ್ಯಾಮ್ನೆಟ್‌ನ ಹೆಸರನ್ನೇ ಶೇಕ್ಸ್‌ಪಿಯರ್ ನಾಯಕನಿಗೆ ಇಟ್ಟ ಎಂಬ ಮಾತನ್ನು ತೆಗೆಯಿರಿ. ಹನ್ನೊಂದು ವರ್ಷದ ಮಗನ ಸಾವು ಅಪ್ಪನನ್ನು ಕಾಡದೆ ಇರುತ್ತದೆಯೇ ಎಂದು ಬೇಕಾದರೆ ಕೇಳಿ. ಆದರೆ ನಾಯಕನ ಹೆಸರು ಹಳೆಯ ಕತೆಯಿಂದ ಬಂದದ್ದು. ಹ್ಯಾಮ್ಲೆಟ್ ಎಂಬ ನಾಟಕದ ಪ್ರಸ್ತಾಪ ಲಂಡನ್ನಿನಲ್ಲಿ 1589ರಲ್ಲೇ ಸಿಗುತ್ತದೆ.

ಕುವೆಂಪು ಅವರ ‘ರಕ್ತಾಕ್ಷಿ’ಯನ್ನು ಒಂದು ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೀರಿ. ಬಿದನೂರಿಗೆ ತಂದ ಆ ರೂಪಾಂತರದಲ್ಲಿ ಶೋಕ ಏನಾಗುತ್ತದೆ ಎಂದು ನೋಡುವ ಮನಸ್ಸಿದ್ದರೆ ಅದು ಬೇರೆಯೇ ಲೇಖನ. ಇಲ್ಲಿ ಹೆಸರಿಗೆ ಮಾತ್ರ ಬೇಡ.

ಭಾಷೆಯ ಬಗ್ಗೆ ಒಂದು ಮಾತು. ‘ಅಂತರ್ದ್ವಂದ್ವದ ತಾತ್ವಿಕ ಅನುಸಂಧಾನ’ ಎಂದೆಲ್ಲ ಬರೆಯುವಾಗ ನೀವು ಯಾರಿಗೋ ಪರೀಕ್ಷೆ ಕೊಡುತ್ತಿರುವಂತೆ ಕಾಣುತ್ತದೆ. ಒಫೀಲಿಯಾಳ ಪುಟದಲ್ಲಿ ಇಂಥ ಒಂದು ಪದವೂ ಇಲ್ಲ. ಅದೇ ಕನ್ನಡದಲ್ಲಿ ಪೂರ್ತಿ ಬರೆಯಿರಿ. ನಾಟಕದ ಸಾಲುಗಳನ್ನು ಇಂಗ್ಲಿಷಿನಲ್ಲಿ ಉದ್ದುದ್ದ ಕೊಡಬೇಡಿ. ನೀವೇ ಕನ್ನಡಕ್ಕೆ ತನ್ನಿ, ಅಂಕ ಮತ್ತು ದೃಶ್ಯ ತಿಳಿಸಿ.

ಇನ್ನು ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್. ಅವನ ಹೆಸರೇ ನಿಮ್ಮ ಲೇಖನದಲ್ಲಿಲ್ಲ. ಅವನ ಅಪ್ಪನನ್ನು ಕೊಂದದ್ದು ಹ್ಯಾಮ್ಲೆಟ್‌ನ ಅಪ್ಪ. ಅವನೂ ಸೇಡಿಗೆ ಹೊರಟವನೇ, ಚಿಕ್ಕಪ್ಪ ಗದರಿದ್ದಕ್ಕೆ ಬಿಟ್ಟವನು. ಎಲ್ಲರೂ ಸತ್ತ ಮೇಲೆ ಬಂದು, ಒಂದು ಏಟೂ ಹೊಡೆಯದೆ ಡೆನ್ಮಾರ್ಕನ್ನು ಪಡೆಯುತ್ತಾನೆ. ನಾಲ್ವರು ದಳಪತಿಗಳು ಹ್ಯಾಮ್ಲೆಟ್‌ನನ್ನು ಯೋಧನಂತೆ ಹೊತ್ತೊಯ್ಯಲಿ ಎಂದು ಅಪ್ಪಣೆ ಮಾಡುವವನು ಅವನೇ. ನಾಟಕದ ಉದ್ದಕ್ಕೂ ಯಾರಿಗೂ ಸಿಗದ ಗೌರವದ ಅಂತ್ಯಕ್ರಿಯೆ ಕೊನೆಗೆ ಹೊಸ ರಾಜನ ಮೊದಲ ಆಜ್ಞೆಯಾಗಿ ಬರುತ್ತದೆ. ಅದರಲ್ಲಿ ಗೌರವ ಎಷ್ಟು, ರಾಜಕಾರಣ ಎಷ್ಟು? ನಿಮಗೆ ಏನನ್ನಿಸುತ್ತದೆ ಎಂದು ತಿಳಿಯುವ ಆಸೆ ನನಗಿದೆ.

ಒಂದೂವರೆ ಸಾವಿರ ಪದಗಳ ಒಳಗೆ ಮತ್ತೆ ಬರೆದು ಕಳಿಸಿ. ಹಳೆಯ ಪ್ರತಿಯನ್ನು ತಿದ್ದುತ್ತಾ ಕೂರಬೇಡಿ, ಹೊಸದಾಗಿಯೇ ಬರೆಯಿರಿ. ಬಂದ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ