ಗೌರಿ ಹೂವಿನ ಬೀಜಕ್ಕೆ ನರ್ಸರಿಗೆ ಹೋಗಬೇಡಿ

ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ ಹೊಸ ಮನೆ ಆಗಿದೆ, ಅಜ್ಜಿ ಮನೆಯಲ್ಲಿದ್ದ ಗೌರಿ ಹೂ (ಬಾಲ್ಸಂ), ಸಂಜೆ ಮಲ್ಲಿಗೆ ಬೇಕು, ಯಾವ ನರ್ಸರಿ, ಯಾವ ಗೊಬ್ಬರ, ಚಟ್ಟಿಯಾ ನೆಲವಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಎಲ್ಲರ ಹತ್ತಿರ ಕೇಳುತ್ತಿದ್ದೆ.

ನಮ್ಮ ಮನೆ ಪೆರ್ಲದ ಕಡೆ. ಅಜ್ಜಿ ಇದ್ದಾಗ ತುಳಸಿಕಟ್ಟೆಯಿಂದ ದನದ ಹಟ್ಟಿಯವರೆಗೆ ಗೌರಿ ಹೂವಿನದ್ದೇ ಸಾಲು. ತಿಳಿ ಗುಲಾಬಿ ಬಣ್ಣ, ಮೇಲೆ ಬಿಳಿ ಚುಕ್ಕಿ, ಸುತ್ತು ಸುತ್ತು ಎಸಳು. ಸೋಣ ತಿಂಗಳಲ್ಲಿ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಬೆಳಗ್ಗೆ ಹೊಸ್ತಿಲು ಪೂಜೆಗೆ ಆ ಹೂವೇ ಆಗಬೇಕು. ಕೊಯ್ಯುವ ಕೆಲಸ ನನ್ನದು. ಅಜ್ಜಿ ಬೀಜ ಬಿತ್ತಿದ್ದನ್ನು ನಾನು ನೋಡಿದ್ದೇ ಇಲ್ಲ. ಮಳೆ ಹಿಡಿದು ವಾರ ಕಳೆದರೆ ಅಂಗಳದ ಅಂಚಿನಲ್ಲಿ ತಾನಾಗಿ ಏಳುತ್ತಿತ್ತು. ನಾನು ಎಲ್ಲ ಹೂವಿಗೂ ಕೈ ಹಾಕಿದರೆ ಮಾತ್ರ ಜಗಲಿಯಿಂದ ಕೂಗುತ್ತಿದ್ದರು, "ಪೂರಾ ಕೊಯ್ಯೆಡ ಪುಳ್ಳೀ, ಮಣ್ಣಿಂಗೂ ರಜಾ ಬಿಡು." ಪೂರಾ ಕೊಯ್ಯಬೇಡ, ಮಣ್ಣಿಗೂ ಸ್ವಲ್ಪ ಬಿಡು ಅಂತ.

ಅಜ್ಜಿ ಹೋದ ಮೇಲೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವುದೆಂದು ತೀರ್ಮಾನವಾಯಿತು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಬೀಜ ತೆಗೆದಿಟ್ಟರೆ ಸಾಕು, ಹಿತ್ತಿಲಲ್ಲಿ ಬೆಳೆಸಬಹುದು ಅಂದುಕೊಂಡೆ. ತಪ್ಪಾದದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಇದೆ.

ಗೌರಿ ಹೂವಿನ ಕಾಯಿ ಬಲಿತರೆ ಉಬ್ಬಿ ಸ್ವಲ್ಪ ಹಳದಿಯಾಗುತ್ತದೆ. ಆಗ ಮುಟ್ಟಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿಕೊಂಡು ಬೀಜ ದೂರ ಸಿಡಿಯುತ್ತದೆ. ಇದರ ಶಾಸ್ತ್ರೀಯ ಹೆಸರಿನಲ್ಲಿರುವ 'ಇಂಪೇಷನ್ಸ್' ಅಂದರೆ ತಾಳ್ಮೆ ಇಲ್ಲದ್ದು ಅಂತ. ಆದರೆ ಅವತ್ತು ತಾಳ್ಮೆ ಇಲ್ಲದೆ ಹೋದದ್ದು ನನಗೆ. ಅಕ್ಟೋಬರ್ ತಿಂಗಳು. ಮಧ್ಯಾಹ್ನ ಮೇಲೆ ಗುಡುಗು, ಮಳೆ. ಮರುದಿನ ಜೆಸಿಬಿ ಬರುತ್ತದೆ ಅಂತ ಆ ಸಂಜೆಯೇ ಬಲಿತದ್ದು, ಎಳೆಯದ್ದು ನೋಡದೆ ಒಂದೂ ಬಿಡದೆ ಕೊಯ್ದೆ. ಎಳೆ ಕಾಯಿಯೊಳಗೆ ಬೀಜ ಇನ್ನೂ ಬೆಳ್ಳಗೆ ಇತ್ತು. ಕಾಯಿಗಳು ಒದ್ದೆ, ನನ್ನ ಕೈಯೂ ಒದ್ದೆ. ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಇರುವೆ ಬಾರದ ಹಾಗೆ ಮುಚ್ಚಳ ಬಿಗಿ ಮಾಡಿ, ಕಪಾಟಿನಲ್ಲಿಟ್ಟೆ. ಜೋಪಾನ ಮಾಡಿದ್ದೇನೆ ಅಂತ ಏಳು ತಿಂಗಳು ನೆಮ್ಮದಿಯಿಂದಿದ್ದೆ.

ಮೇ ಕೊನೆಗೆ ಮುಚ್ಚಳ ತೆಗೆದರೆ ಬೂದು ಬೂಷ್ಟು. ಬೀಜಗಳು ಉಂಡೆಯಾಗಿ ಅಂಟಿಕೊಂಡಿದ್ದವು. ಆದರೂ ಬಿತ್ತಿದೆ. ಒಂದೂ ಏಳಲಿಲ್ಲ.

ಬೂಷ್ಟು ಬಂದದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ನೆಲದಲ್ಲಿ ಒಂದು ಹಿಡಿ ಬೀಜ ಬಿದ್ದಿದ್ದರೆ ಮುಂದಿನ ಮಳೆಗೆ ಎರಡು ಗಿಡವಾದರೂ ಏಳುತ್ತಿತ್ತು. ನಾನು ಕಾಯಿ ಪೂರಾ ಕೊಯ್ದಿದ್ದೆ. ಹಳೆ ಬೀಜ ಇದ್ದ ಮೇಲ್ಮಣ್ಣನ್ನು ಜೆಸಿಬಿ ಕೆರೆದು ಗದ್ದೆ ಬದಿಗೆ ಸುರಿದು, ಅದರ ಮೇಲೆ ಮುರಕಲ್ಲಿನ ಚೂರು ಬಿದ್ದಿತ್ತು. ನಾಲ್ಕು ಬುಟ್ಟಿ ಮಣ್ಣು ಹಿತ್ತಿಲಿಗೆ ಹೊತ್ತು ಹಾಕಿದ್ದರೆ ಸಾಕಿತ್ತು. ಅಷ್ಟೇ ಕೆಲಸ. ಅದು ಹೊಳೆಯಲಿಲ್ಲ.

ಆಮೇಲೆ ನಾನೂ ನರ್ಸರಿಗೆ ಹೋದೆ. ಸಿಕ್ಕಿದ್ದು ಗಿಡ್ಡ ತಳಿ. ಚಟ್ಟಿಯಲ್ಲಿ ಚಂದವೇ ಇತ್ತು, ಆದರೆ ಜುಲೈ ಮಳೆಗೆ ಹದಿನೈದು ದಿನದಲ್ಲಿ ಕೊಳೆತು ಹೋಯಿತು. ಇನ್ನೊಂದು ವರ್ಷ ಹೈಬ್ರಿಡ್ ಬೀಜ ತಂದೆ. ಅದರ ಬೀಜದಿಂದ ಮರುವರ್ಷ ಎದ್ದ ಗಿಡಗಳ ಹೂ ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೇ ಹೇಳುವುದು, ನಿಮಗೆ ಬೇಕಾದ ಹೂ ಅಂಗಡಿಯಲ್ಲಿ ಇಲ್ಲ.

ನಮ್ಮದು ಸಿಕ್ಕಿದ್ದು ತೋಡಿನ ಆಚೆ. ಓಣಂ ಹತ್ತಿರದಲ್ಲಿ ಅಲ್ಲಿನ ಮಲಯಾಳಂ ಮನೆಯೊಂದಕ್ಕೆ ಮದುವೆ ಕಾಗದ ಕೊಡಲು ಹೋಗಿದ್ದೆ. ಬಾವಿಕಟ್ಟೆಯ ಬದಿಯಲ್ಲಿ ಅದೇ ತಿಳಿ ಗುಲಾಬಿ, ಅದೇ ಬಿಳಿ ಚುಕ್ಕಿ. ನಾನು ಸುಮ್ನೆ ನಿಂತುಬಿಟ್ಟೆ. ಆ ಮನೆಯ ಚೇಚಿ ಹೇಳಿದರು, "ಇದು ನಿಮ್ಮ ಅಜ್ಜಿ ಕೊಟ್ಟ ಕಾಶಿತ್ತುಂಬ ಅಲ್ವಾ, ಮಕ್ಕಳ ಪೂಕ್ಕಳಕ್ಕೆ ಅಂತ." ಕಾಶಿತ್ತುಂಬ ಅಂದರೆ ಇದೇ ಗೌರಿ ಹೂ, ಪೂಕ್ಕಳ ಅಂದರೆ ಓಣಂಗೆ ಹಾಕುವ ಹೂವಿನ ರಂಗೋಲಿ. ಈಗ ಓಣಂಗೆ ಗುಂಡ್ಲುಪೇಟೆಯಿಂದ ಲಾರಿಯಲ್ಲಿ ಚೆಂಡುಹೂ ಬರುತ್ತದೆ. ಅವರ ಮನೆಯಲ್ಲಿ ಮಾತ್ರ ಅಜ್ಜಿಯ ಹೂವನ್ನು ಬಿಟ್ಟಿರಲಿಲ್ಲ. ಅಂಗೈ ತುಂಬ ಬೀಜ ಹಿಡಿದುಕೊಂಡು ತೋಡು ದಾಟುವಾಗ ನನಗೆ ಅಳು ಬಂತು.

ಗೊಬ್ಬರದ ಪ್ರಶ್ನೆಗೆ ಅಷ್ಟು ತಲೆ ಕೆಡಿಸಬೇಡಿ. ಸುಡುಮಣ್ಣಿಗೆ (ಸೊಪ್ಪು, ಕಸದ ಜೊತೆ ಸುಟ್ಟ ಮಣ್ಣು) ಒಂದಿಷ್ಟು ಹಟ್ಟಿ ಗೊಬ್ಬರ ಸೇರಿಸಿದರೆ ಧಾರಾಳ. ಮುಖ್ಯವಾದದ್ದು ನೀರು ಇಳಿಯುವುದು. ಇದರ ದಂಟಲ್ಲೇ ನೀರು ತುಂಬಿರುತ್ತದೆ, ಬುಡದಲ್ಲೂ ನೀರು ನಿಂತರೆ ಕೊಳೆಯುತ್ತದೆ. ಹಾಗಾಗಿ ಮಣ್ಣು ಏರಿಸಿ ಏರಿ ಮಾಡಿ, ಮನೆಯ ಮಾಡಿನ ನೀರು ಬೀಳುವ ಜಾಗ ಬಿಟ್ಟು ಬಿತ್ತಿ. ಹೂವಾಗಲು ಎರಡು ತಿಂಗಳು ಬೇಕು. ಜೂನ್ ಮೊದಲ ವಾರ ಬಿತ್ತಿದರೆ ಆಗಸ್ಟ್ ನಡುವಿಗೆ, ಸೋಣ ಸಂಕ್ರಮಣದ ಹೊತ್ತಿಗೆ ಸರಿಯಾಗುತ್ತದೆ. ಸಸಿ ಯಾವುದು ಕಳೆ ಯಾವುದು ಅಂತ ನಿಮಗೆ ಗುರುತು ಸಿಗುವವರೆಗೆ ಹುಲ್ಲು ತೆಗೆಯುವವರನ್ನು ಆ ಕಡೆ ಬಿಡಬೇಡಿ. ಚಟ್ಟಿ ನನಗೆ ಇಷ್ಟವಿಲ್ಲ. ಸಿಡಿದ ಬೀಜ ಸಿಮೆಂಟಿನ ಮೇಲೆ ಬಿದ್ದರೆ ಏನು ಪ್ರಯೋಜನ? ಅಂಗಳಕ್ಕೆ ಇಂಟರ್‌ಲಾಕ್ ಆಗಿಹೋಗಿದ್ದರೆ ಅಂಚಿನ ಎರಡು ಸಾಲು ಕೀಳಿಸಿ. ಖರ್ಚಾದರೂ ಕೀಳಿಸಿ.

ಬೀಜಕ್ಕೆ ಬಲಿತ ಕಾಯಿ ಮಾತ್ರ, ಬಿಸಿಲಿರುವ ದಿನ ಮಾತ್ರ. ಅರ್ಧ ಮಣ್ಣಿಗೆ ಬಿಡಿ. ಉಳಿದದ್ದನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಒಲೆಯ ಒಣ ಬೂದಿ ಬೆರೆಸಿ ಬಟ್ಟೆಯಲ್ಲಿ ಕಟ್ಟಿ. ಅದರಲ್ಲೂ ಒಂದು ಪಾಲು ಪಕ್ಕದ ಮನೆಗೆ ಕೊಡಿ.

ಸಂಜೆ ಮಲ್ಲಿಗೆ ಅಷ್ಟು ಕಾಡುವುದಿಲ್ಲ. ಅದಕ್ಕೆ ನೆಲದೊಳಗೆ ಗೆಡ್ಡೆ ಇದೆ. ಬೇಸಿಗೆಯಲ್ಲಿ ಮೇಲೆ ಒಣಗಿದರೂ ಮಳೆಗೆ ಚಿಗುರುತ್ತದೆ. ಬೀಜ ಕರಿಮೆಣಸಿನ ಹಾಗೇ ಕಾಣುತ್ತದೆ, ಆದರೆ ವಿಷ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನೋಡಿಕೊಳ್ಳಿ.

ಬೀಜ ಬಲಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕಳೆದ ಮೇಲೆ, ನಿಮ್ಮ ಸುತ್ತಲಿನ ಹಳೆ ಮನೆಗಳಿಗೆ ಒಮ್ಮೆ ಹೋಗಿ ಬನ್ನಿ. ಅಜ್ಜಿ ಮನೆಯ ನೆರೆಕರೆಯನ್ನು ಮೊದಲು ನೋಡಿ. ಮಲಯಾಳಂ ಮನೆಯಾದರೆ ಗೌರಿ ಹೂವಿಗೆ ಕಾಶಿತ್ತುಂಬ, ಸಂಜೆ ಮಲ್ಲಿಗೆಗೆ ನಾಲುಮಣಿಪ್ಪೂವು ಅಂತ ಕೇಳಿ. ಎಲ್ಲೂ ಸಿಗದಿದ್ದರೆ ಇಲ್ಲೇ ಬರೆಯಿರಿ. ನನ್ನ ಹತ್ತಿರ ಬೂದಿಯಲ್ಲಿ ಕಟ್ಟಿಟ್ಟ ಎರಡು ಚಮಚ ಬೀಜ ಇದೆ, ಅದರಲ್ಲಿ ಒಂದು ಚಮಚ ನಿಮಗೆ.