ಹಲ್ಲುಜ್ಜಿದರೆ ಹೋಗುವ ಕರೆಯಲ್ಲ ಅದು

"ನಿಮ್ಮ ಪಾವಗಡದ ಮಕ್ಕಳಿಗೆ ಹಲ್ಲುಜ್ಜೋದು ಯಾರೂ ಕಲಿಸಿಲ್ವಾ?" ಅಂತ ನಮ್ಮ ಮಕ್ಕಳ ಹಲ್ಲಿನ ಕಂದು ಗೆರೆ ನೋಡಿ ಬೆಂಗಳೂರಿನ ನೀನು ಕೇಳಿದೆ. ಅದರ ಬೆನ್ನಿಗೇ "ಪಾವಗಡ ಆಂಧ್ರದಲ್ಲಲ್ವಾ?" ಅಂತಲೂ ಕೇಳಿದೆ. ಎರಡನೆಯದು ನಮಗೆ ರೂಢಿಯಾಗಿದೆ. ತುಮಕೂರು ಜಿಲ್ಲೆ ಮಾರಾಯ. ಮೂರು ಕಡೆ ಆಂಧ್ರ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಮೊದಲನೆಯದಕ್ಕೆ ಮಾತ್ರ ಉತ್ತರ ಉದ್ದ.

ಆ ಕಂದು ಗೆರೆ ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಹಲ್ಲಿನ ಒಳಗಿನದು. ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ, ಬೋರ್ ನೀರಿನ ಜೊತೆ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ (ನೀರಲ್ಲಿ ಕರಗಿದ ಲವಣ) ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಅನ್ನೇ ಕೆಡಿಸುತ್ತದೆ. ಏಳನೇ ವರ್ಷಕ್ಕೆ ಮುಂದಿನ ಹಲ್ಲು ಹೊರಬಂದಾಗ ಕಾಣುವುದು ಎರಡು-ಮೂರನೇ ವರ್ಷದಲ್ಲಿ ಕುಡಿದ ನೀರು. ಉಜ್ಜಿ ಉಜ್ಜಿ ಒಸಡು ಕಿತ್ತು ಬಂದರೂ ಗೆರೆ ಹೋಗಲ್ಲ. ಹಲ್ಲು ಕಣ್ಣಿಗೆ ಬೀಳುತ್ತದೆ, ಮೂಳೆ ಬೀಳುವುದಿಲ್ಲ. ವರ್ಷಗಟ್ಟಲೆ ಕುಡಿದವರಿಗೆ ಕುತ್ತಿಗೆ, ಸೊಂಟ ಬಿಗಿಯುತ್ತದೆ. ಗಲ್ಲ ಎದೆಗೆ ತಾಗುತ್ತದಾ, ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟಲಾಗುತ್ತದಾ, ಕೈ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟಲಾಗುತ್ತದಾ ಅಂತ ಮನೆಯಲ್ಲೇ ನೋಡಬಹುದು. ಆಗದಿದ್ದರೆ ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸಬೇಕು.

"ಕುದಿಸಿ ಕುಡೀರಪ್ಪ" ಅಂದೆಯಲ್ಲ, ಅದು ಬೇಡ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಆವಿಯಾಗುವುದಿಲ್ಲ. ಲೀಟರಿಗೆ 2 ಮಿ.ಗ್ರಾಂ ಇರುವ 10 ಲೀಟರ್ ನೀರು ಬತ್ತಿ 8 ಲೀಟರಾದರೆ ಅದು 2.5 ಆಗುತ್ತದೆ. ಭಾರತದ ಮಾನಕದಲ್ಲಿ ಅಪೇಕ್ಷಿತ ಮಿತಿ 1, ಬೇರೆ ನೀರೇ ಇಲ್ಲದಿದ್ದರೆ 1.5. ಕ್ಯಾಂಡಲ್ ಫಿಲ್ಟರ್, ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಯಂತ್ರ ಎರಡೂ ಇಲ್ಲಿ ದಂಡ. ನೀರಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ "ನೀರು ಚೆನ್ನಾಗಿದೆ" ಅನ್ನುವವರೂ ಇದ್ದಾರೆ. ಆ ಮೀಟರಿಗೆ ಫ್ಲೋರೈಡ್ ಬೇರೆಯಾಗಿ ಗೊತ್ತೇ ಆಗುವುದಿಲ್ಲ.

ನಾಲಿಗೆಗೂ ಗೊತ್ತಾಗಲ್ಲ. ಅಷ್ಟೇ ಅಲ್ಲ, ನಾಲಿಗೆ ಮೋಸ ಮಾಡುತ್ತದೆ. ಇಲ್ಲಿನ ಗ್ರಾನೈಟ್ ಬಂಡೆಯ ಖನಿಜದಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರ ಜಾಸ್ತಿಯಿರುವ ನೀರಿಗೆ ಇನ್ನೂ ಹೆಚ್ಚು ಇಳಿಯುತ್ತದೆ. ಅಂಥ ನೀರಲ್ಲೇ ತೊಗರಿಬೇಳೆ ಬೇಗ ಬೇಯುವುದು! "ಆ ಬೋರ್ ನೀರಲ್ಲಿ ಬೇಳೆ ಬೆಣ್ಣೆಯಂಗೆ ಬೇಯುತ್ತೆ" ಅಂತ ಅತ್ತೆ ಹೊಗಳಿದರೆ ಸೊಸೆ ಮೊದಲು ಆ ನೀರನ್ನೇ ಪರೀಕ್ಷೆಗೆ ಕಳಿಸಬೇಕು.

ನಮ್ಮ ದಿನನಿತ್ಯದ ಗುದ್ದಾಟ ಅಡುಗೆಮನೆಯದು. ಕುಡಿಯಲು ಎಲ್ಲರೂ ಶುದ್ಧ ನೀರಿನ ಘಟಕಕ್ಕೆ ಹೋಗಿ, ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿ ತರುತ್ತಾರೆ. ಅಡುಗೆ ಮಾತ್ರ ಬೋರ್ ನೀರಲ್ಲಿ. ಮುದ್ದೆಗೆ ಇಟ್ಟ ಎಸರು ಎಲ್ಲಿ ಹೋಗುತ್ತದೆ? ಮುದ್ದೆಯೊಳಗೇ. ಕುಕ್ಕರಿನ ಅನ್ನವೂ ಹಾಗೇ, ಸಾರಂತೂ ನೀರೇ. ಒಂದು ಮಗುವಿನ ಹೊಟ್ಟೆಗೆ ದಿನಕ್ಕೆ ಅರ್ಧ ಲೀಟರ್ ಅಡುಗೆ ನೀರು ಹೋಯಿತು ಅಂದುಕೋ, ಬೋರಿನಲ್ಲಿ ಲೀಟರಿಗೆ 3 ಮಿ.ಗ್ರಾಂ ಇದೆ ಅಂದುಕೋ. ಲೀಟರಿಗೆ 1 ಮಿ.ಗ್ರಾಂ ಇರುವ ನೀರನ್ನು ಒಂದೂವರೆ ಲೀಟರ್ ಕುಡಿದಷ್ಟೇ ಆಯಿತು, ಕ್ಯಾನ್ ನೀರಿನ ಲೆಕ್ಕ ಬೇರೆ. ಅದೇ ಬೋರ್ ನೀರಿಗೆ ಟೀ ಪುಡಿ ಹಾಕಿದರೆ ಪುಡಿಯ ಫ್ಲೋರೈಡೂ ಸೇರುತ್ತದೆ.

ಇದನ್ನು ಅಜ್ಞಾನ ಅಂತ ಬೆಂಗಳೂರಿನಿಂದ ಹೇಳುವುದು ಸುಲಭ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 25 ಲೀಟರಾದರೂ ಬೇಕು. ಅಂದರೆ ಒಂದು ಕ್ಯಾನ್ ಸಾಲದು. ಇಪ್ಪತ್ತು ಕೆಜಿಯ ಎರಡನೇ ಕ್ಯಾನ್ ಹೊರುವವಳು ಮನೆಯ ಹೆಂಗಸು. ಘಟಕದಲ್ಲಿ ಫ್ಲೋರೈಡ್ ತಡೆಯುವ ಸೋಸುಪದರ, ಅಂದರೆ ಮೆಂಬ್ರೇನ್, ಹಾಳಾದ ದಿನ, ಕರೆಂಟ್ ಇಲ್ಲದ ದಿನ ಅದೂ ಇಲ್ಲ. ತುಂಗಭದ್ರಾ ಹಿನ್ನೀರಿನ ನಲ್ಲಿ ಬಂದ ಮನೆಯಲ್ಲೂ ಒಂದನ್ನು ಕೇಳಿಕೊಳ್ಳಬೇಕು: ನದಿ ನೀರು ಬಾರದ ದಿನ ಅದೇ ಪೈಪಿಗೆ ಬೋರ್ ನೀರು ಬಿಡುತ್ತಾರಾ? ಅಂಗನವಾಡಿಯಲ್ಲಿ ಸಾರಿಗೆ ಯಾವ ನೀರು ಹಾಕುತ್ತಾರೆ ಅಂತಲೂ ಕೇಳಬೇಕು. ಕೇಳಿದರೆ ಬೇಜಾರಾಗುತ್ತಾರೆ, ಆಗಲಿ.

ಕ್ಯಾನ್ ಒಂದೇ ಇದ್ದರೆ ಹಂಚುವ ಕ್ರಮ ಹೀಗೆ: ಮೊದಲು 8 ವರ್ಷದೊಳಗಿನ ಮಕ್ಕಳ ಕುಡಿಯುವ ನೀರು, ಆಮೇಲೆ ಅವರ ಮುದ್ದೆ, ಅನ್ನ, ಸಾರು, ಉಳಿದದ್ದು ದೊಡ್ಡವರಿಗೆ. ಅಕ್ಕಿ ತೊಳೆಯಲು, ಪಾತ್ರೆಗೆ, ಸ್ನಾನಕ್ಕೆ ಬೋರ್ ನೀರು ಧಾರಾಳವಾಗಿ ಸಾಕು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ತಾಯಿ ಎಂಥ ನೀರು ಕುಡಿದರೂ ಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಕಡಿಮೆ. ಅದೇ ಡಬ್ಬಿ ಹಾಲಿನ ಪುಡಿಯನ್ನು ಬೋರ್ ನೀರಲ್ಲಿ ಕಲಸಿದರೆ ಆ ರಕ್ಷಣೆ ಹೋಯಿತು. ಬಾಣಂತನಕ್ಕೆ ತವರು ಆಂಧ್ರದ ಮಡಕಶಿರಾ ಕಡೆಯಾದರೆ ಗಡಿ ದಾಟಿದ್ದೇವೆ ಅಂತ ನೀರು ಬದಲಾಗಿರುವುದಿಲ್ಲ. ಕಲ್ಲಿಗೆ ರಾಜ್ಯ ಗೊತ್ತಿಲ್ಲ.

ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಮೈಗೆ ಹಿಡಿಯುವುದು ಕಡಿಮೆ. ಮೊಸರು, ನುಗ್ಗೆಸೊಪ್ಪು ಆಗುತ್ತದೆ. ನೀನು ಮೂಗು ಮುರಿಯುವ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ತಪ್ಪಲ್ಲ, ಎಸರು ತಪ್ಪು.

ಪರೀಕ್ಷೆಗೆ ನೀರು ಹಿಡಿಯುವಾಗ ಮೋಟಾರ್ ಐದು ನಿಮಿಷ ಓಡಲಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲನ್ನು ಅದೇ ನೀರಲ್ಲಿ ಮೂರು ಸಲ ಅಲುಬಿ ತುಂಬಿಸಬೇಕು. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತದೆ. ಚೀಟಿಯಲ್ಲಿ "ಫ್ಲೋರೈಡ್" ಅಂತಲೇ ಬರೆಯಬೇಕು, ಇಲ್ಲದಿದ್ದರೆ ಬೇರೆಲ್ಲ ನೋಡಿ ಅದೊಂದನ್ನು ಬಿಟ್ಟು ಕೊಡಬಹುದು. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಕೊಡಬೇಕು. ವಿಳಾಸದಲ್ಲಿ ತುಮಕೂರು ಜಿಲ್ಲೆ ಅಂತ ದಪ್ಪಕ್ಷರದಲ್ಲಿ ಬರೆಯುವುದು ನಮ್ಮ ಕಡೆಯ ಇನ್ನೊಂದು ಮುನ್ನೆಚ್ಚರಿಕೆ.