ಚಳಿ ಬೆಟ್ಟದಲ್ಲಿ ಎಲ್ಕ್ ಬೇಟೆಗೆ ಒಂದು ದಪ್ಪ ಜಾಕೆಟ್ ಸಾಕಾ?

ಅಕ್ಟೋಬರ್ ಕೊನೆಗೆ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಮೊದಲ ಸಲ ರೈಫಲ್ ಹಿಡಿದು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುತ್ತಿದ್ದೇನೆ, ಒಳ್ಳೆಯ ದಪ್ಪ ಜಾಕೆಟ್ ಒಂದಿದ್ದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಜಾಕೆಟ್ ಆಮೇಲೆ ನೋಡೋಣ, ಮೊದಲು ಮೈಗೆ ತಾಗುವ ಬಟ್ಟೆ ಸರಿ ಮಾಡಿಕೊಳ್ಳಿ.

ನನ್ನ ಮೊದಲ ವರ್ಷ ಹೀಗಾಯಿತು. ಒಳಗೆ ಊರಿನಿಂದ ತಂದ ಹತ್ತಿ ಬನಿಯನ್, ಮೇಲೆ ದಪ್ಪ ಜಾಕೆಟ್. ಬೆಳಗಿನ ಜಾವ ಕತ್ತಲಲ್ಲೇ ಒಂದೂವರೆ ಗಂಟೆ ಏರು ಹತ್ತಿ 10,000 ಅಡಿ ಹತ್ತಿರ ಬಂದಾಗ ಮೈಯೆಲ್ಲ ಬೆವರು. ಅಲ್ಲಿ ದುರ್ಬೀನು ಹಿಡಿದು ಕೂತೆ ನೋಡಿ, ಇಪ್ಪತ್ತೇ ನಿಮಿಷಕ್ಕೆ ಬನಿಯನ್ ಬೆನ್ನಿಗೆ ಮಂಜುಗಡ್ಡೆಯ ಹಾಗೆ ಅಂಟಿಕೊಂಡಿತು. ಬ್ಯಾಗಿನ ಜಿಪ್ ಎಳೆಯುವುದಕ್ಕೂ ಬೆರಳು ಬಗ್ಗಲಿಲ್ಲ. ಜೊತೆಗಿದ್ದ ಗೆಳೆಯ ಆ ಬನಿಯನ್ ಬಿಚ್ಚಿಸಿ ತನ್ನ ಒಣ ಉಣ್ಣೆ ಅಂಗಿ ತೊಡಿಸಿ, ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದ.

ಹತ್ತಿ ಬೆವರನ್ನು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಮಲೆನಾಡಿನಲ್ಲಿ ಆ ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರಲ್ವಾ, ಅದೇ ಲೆಕ್ಕ. ಅದಕ್ಕೇ ಒಳಗೆ ಮೆರಿನೋ ಕುರಿಯ ನಯವಾದ ಉಣ್ಣೆಯ ತೆಳ್ಳಗಿನ ಅಂಗಿ, ಪ್ಯಾಂಟು. ಬೆಲೆ ಜಾಸ್ತಿ, ಆದರೂ ದುಡ್ಡು ಮೊದಲು ಇಲ್ಲಿಗೇ ಹಾಕಿ. ಅದರ ಮೇಲೊಂದು ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಬಟ್ಟೆಯ ಬೆಚ್ಚನೆ ಅಂಗಿ), ಅದರ ಮೇಲೆ ಗಾಳಿ ಹಿಮ ತಡೆಯುವ ತೆಳು ಹೊರ ಜಾಕೆಟ್.

ದಪ್ಪ ಜಾಕೆಟ್ ಬ್ಯಾಗಿನಲ್ಲಿರಲಿ. ಹೊರಡುವಾಗ ಚೂರು ಚಳಿ ಅನ್ನಿಸಲೇಬೇಕು. ಮೇಲೆ ಹೋಗಿ ನಿಂತ ತಕ್ಷಣ, ಮೈ ಬಿಸಿ ಆರುವ ಮುಂಚೆಯೇ ಅದನ್ನು ಹಾಕಿಕೊಳ್ಳಿ. ಹಕ್ಕಿ ಪುಕ್ಕ ತುಂಬಿದ ಡೌನ್ ಜಾಕೆಟ್ ಹಗುರ, ತುಂಬ ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆಯಾಗಿ ಕೆಲಸಕ್ಕೆ ಬರುವುದಿಲ್ಲ. ಹಸಿ ಹಿಮ ಬೀಳುವ ಹಾಗಿದ್ದರೆ ಸಿಂಥೆಟಿಕ್ ತುಂಬಿದ್ದೇ ವಾಸಿ.

ಕಿತ್ತಳೆ ಬಣ್ಣದ ವೆಸ್ಟ್ ಮರೆಯಬೇಡಿ, ಕೊಲರಾಡೊದಲ್ಲಿ ರೈಫಲ್ ಬೇಟೆಗೆ ಅದು ಕಾನೂನು. ಸೊಂಟದಿಂದ ಮೇಲಕ್ಕೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಾಣಬೇಕು, ತಲೆಗೂ ಅದೇ ಬಣ್ಣದ ಟೋಪಿ ಬೇಕು. ವೆಸ್ಟ್ ದೊಡ್ಡ ಅಳತೆಯದ್ದೇ ತೆಗೆದುಕೊಳ್ಳಿ, ಇಲ್ಲದಿದ್ದರೆ ದಪ್ಪ ಜಾಕೆಟ್ ಹಾಕಿದ ಮೇಲೆ ಹಿಡಿಸುವುದೇ ಇಲ್ಲ, ಸುಮ್ನೆ ಒಳಗೆ ಮುಚ್ಚಿಹೋಗುತ್ತದೆ.

ಕಾಲಿಗೆ ಎರಡೆರಡು ಕಾಲುಚೀಲ ತುರುಕಬೇಡಿ. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ದಪ್ಪ ಉಣ್ಣೆಯದ್ದು ಒಂದು ಜೊತೆ ಕಾಲಿಗೆ, ಇನ್ನೊಂದು ಜೊತೆ ಒಣಗಿದ್ದು ಬ್ಯಾಗಿಗೆ. ಕೂರಲು ಒಂದು ತುಂಡು ಫೋಮ್ ಶೀಟ್ ಇಟ್ಟುಕೊಳ್ಳಿ, ಹಿಮದ ಮೇಲೆ ಗಂಟೆಗಟ್ಟಲೆ ಕೂರಬೇಕಲ್ಲ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಹೋಗುವ ಮುಂಚೆ ಒಂದು ಭಾನುವಾರ ಇದೆಲ್ಲ ಹಾಕಿಕೊಂಡು, ಬ್ಯಾಗಿಗೆ ಹದಿನೈದು ಕೆಜಿ ತುಂಬಿ, ಹತ್ತಿರದ ಗುಡ್ಡ ಹತ್ತಿ ಮೇಲೆ ಅರ್ಧ ಗಂಟೆ ಅಲ್ಲಾಡದೆ ಕೂತು ಬನ್ನಿ. ಬೂಟು ಎಲ್ಲಿ ಕಚ್ಚುತ್ತದೆ, ಚಳಿ ಎಲ್ಲಿಂದ ನುಗ್ಗುತ್ತದೆ ಅಂತ ಅವತ್ತೇ ಗೊತ್ತಾಗುತ್ತದೆ, ಬದಲಾಯಿಸಲು ಸಮಯವೂ ಇರುತ್ತದೆ.